ಆರೋಗ್ಯ ಪ್ರಶ್ನೋತ್ತರ: ಗುಳಿಗೆಯೂ ಬೇಕು, ದುಡಿಮೆಯೂ ಬೇಕು

ಪ್ರಶ್ನೆ: ವಯಸ್ಸು 29. ಬೈಪೋಲಾರ್ ಕಾಯಿಲೆಗೆ ಧಾರವಾಡದ ಡಿಮ್ಹಾನ್ಸ್‌ನಲ್ಲಿ ತೋರಿಸಿ, ಎರಡು ವರ್ಷದಿಂದ ಲಿಥಿಯಂ ನುಂಗುತ್ತಿದ್ದೇನೆ. ಹುಬ್ಬಳ್ಳಿಯ ಕೆಲಸ ಬಿಟ್ಟು ಬಂದು ಮನೆಯ ಕಬ್ಬು ನೋಡಿಕೊಳ್ಳುತ್ತೇನೆ. ಕೈ ತುಸು ನಡುಗುತ್ತದೆ. ಮನಸ್ಸು ಹದಕ್ಕೆ ಬಂದಿದೆ, ಆದರೆ ಯಾಕಾಗಿ ಬದುಕುತ್ತಿದ್ದೇನೆ ಎನಿಸುತ್ತದೆ. ಪೂರ್ತಿ ಗುಣವಾದ ಮೇಲೆ ಏನಾದರೂ ಮಾಡೋಣವೆಂದು ಕಾದಿದ್ದೇನೆ.
– ಹೆಸರು ಬೇಡ, ಸಾಲಹಳ್ಳಿ

ಉತ್ತರ: ಕಾಯುವುದನ್ನು ಮೊದಲು ಬಿಡಿ ತಮ್ಮಾ. ಬಿಪಿ, ಸಕ್ಕರೆ ಕಾಯಿಲೆಯವರೂ ಹೀಗೇ ಕಾಯುತ್ತ ಕೂತಿದ್ದರೆ ಅರ್ಧ ಊರಿನ ಹೊಲ ಬಿತ್ತನೆ ಕಾಣುತ್ತಿರಲಿಲ್ಲ. ನೀವು ಬರೆಯದೇ ಬಿಟ್ಟ ಒಂದು ಸಂಗತಿ ನನಗೆ ಚಿಂತೆ ಹಚ್ಚಿದೆ. ಕಬ್ಬಿಗೆ ನೀರು ಹಾಯಿಸಲು ರಾತ್ರಿ ಹೋಗುವವರು ಯಾರು? ತ್ರೀ ಫೇಸ್ ಕರೆಂಟು ಬಂದಾಗ ಎದ್ದು ಮೋಟರು ಹಚ್ಚುವವರು ನೀವೇ ಆಗಿದ್ದರೆ ಆ ಪಾಳಿಯನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಡಿ. ಈ ಕಾಯಿಲೆಯಲ್ಲಿ ಒಂದೆರಡು ರಾತ್ರಿ ನಿದ್ದೆಗೆಟ್ಟರೂ ಉನ್ಮಾದ ಮರುಕಳಿಸಬಹುದು. ಬದಲಿಗೆ ಎರಡು ಎಮ್ಮೆ ಕಟ್ಟಿ, ಡೈರಿಗೆ ಹಾಲು ಹಾಕಿ. ಸಣ್ಣ ಕೆಲಸ ಎನ್ನಬೇಡಿ. ದಿನಾ ಅದೇ ಹೊತ್ತಿಗೆ ಏಳಬೇಕು, ನಾಲ್ಕು ಜನರ ಜೊತೆ ಮಾತಾಡಬೇಕು, ಕೈಗೆ ಬಿಲ್ಲೂ ಬರುತ್ತದೆ. ಬದುಕಿಗೆ ಅರ್ಥ ಹುಡುಕುತ್ತ ಕೂತವರಿಗಿಂತ ಹೀಗೆ ದಿನಚರಿ ಹಿಡಿದವರೇ ಬೇಗ ಚೇತರಿಸಿಕೊಂಡದ್ದನ್ನು ನಾನು ಕಂಡಿದ್ದೇನೆ.

ಇನ್ನು ಕೈ ನಡುಕ. ಕಡೆಯ ಸಲ ರಕ್ತ ಕೊಟ್ಟದ್ದು ಯಾವಾಗ? ಲಿಥಿಯಂ ಮಟ್ಟವನ್ನು ಮೂರರಿಂದ ಆರು ತಿಂಗಳಿಗೊಮ್ಮೆ, ರಾತ್ರಿ ಗುಳಿಗೆ ನುಂಗಿದ 12 ತಾಸಿನ ಬಳಿಕ ನೋಡಬೇಕು. ಥೈರಾಯ್ಡ್, ಕ್ರಿಯಾಟಿನಿನ್ ಆರು ತಿಂಗಳಿಗೊಮ್ಮೆ. ಬಿಸಿಲಲ್ಲಿ ಬೆವರು ಸುರಿಸಿ ನೀರು ಕುಡಿಯದಿದ್ದರೆ, ಮೈಕೈ ನೋವಿಗೆಂದು ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ನುಂಗಿದರೆ ಲಿಥಿಯಂ ರಕ್ತದಲ್ಲಿ ಏರಿ ವಿಷವಾಗುತ್ತದೆ. ನಡುಕ ಜೋರಾಗಿ, ವಾಂತಿ ಭೇದಿ ಹತ್ತಿ, ನಡಿಗೆ ತೂರಾಡಿದರೆ ಅದೇ ದಿನ ಆಸ್ಪತ್ರೆ ಸೇರಬೇಕು.

ಪ್ರಶ್ನೆ: ಮಗಳಿಗೆ 24. ಸ್ಕಿಜೋಫ್ರೇನಿಯಾ ಎಂದಿದ್ದಾರೆ. ಗುಳಿಗೆಯಿಂದ ಆರಾಮಿದ್ದಾಳೆ, ಹೊಲಿಗೆ ಕಲಿಯುತ್ತಿದ್ದಾಳೆ. ಆದರೆ ಮುಟ್ಟು ನಿಂತಿದೆ. ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ, ಗಂಡಿನವರಿಗೆ ಹೇಳುವುದು ಬೇಡ ಎನ್ನುತ್ತಾರೆ ಬೀಗರು.
– ಒಬ್ಬ ತಾಯಿ, ರಾಮದುರ್ಗ ತಾಲೂಕು

ಉತ್ತರ: ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮದುವೆ ಯಾವ ಕಾಯಿಲೆಗೂ ಔಷಧಿಯಲ್ಲ ತಾಯಿ. ಆಗುವುದೇನೆಂದರೆ, ಹೊಸ ಮನೆಯಲ್ಲಿ ಗುಳಿಗೆ ಬಚ್ಚಿಡಬೇಕು, ಬಚ್ಚಿಟ್ಟದ್ದು ತಪ್ಪುತ್ತದೆ, ನಿದ್ದೆ ಕೆಡುತ್ತದೆ. ಮೂರು ತಿಂಗಳಲ್ಲಿ ಹುಡುಗಿ ಮತ್ತೆ ದನಿ ಕೇಳುತ್ತದೆ ಎನ್ನುತ್ತಾಳೆ. ಆಗ ಆಕೆಯನ್ನು ತವರಿಗೆ ತಂದು ಬಿಡುತ್ತಾರೆ, ‘ಸರಿಹೋಗುತ್ತದೆ’ ಎಂದ ಬೀಗರು ಅತ್ತ ಸುಳಿಯುವುದಿಲ್ಲ. ಸುಳ್ಳು ಹೇಳಿ ಒಪ್ಪಿಸಿದ ಮದುವೆ ಕೋರ್ಟಿಗೂ ಹೋಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಮೋಸದಿಂದ ಒಪ್ಪಿಗೆ ಪಡೆದ ಮದುವೆಯನ್ನು ರದ್ದು ಮಾಡಿಸಲು ಅವಕಾಶವಿದೆ.

ಮದುವೆಯೇ ಬೇಡ ಎಂದಿಲ್ಲ. ಆಕೆಗೆ ಮನಸ್ಸಿದ್ದರೆ, ಗಂಡಿಗೆ ತಿಳಿಸಿ, ವೈದ್ಯರ ಮುಂದೆ ಇಬ್ಬರನ್ನೂ ಕೂರಿಸಿ ಮಾಡಿ. ಬಸುರಿನ ವಿಚಾರ ಬರುವ ಮೊದಲೇ ಗುಳಿಗೆಗಳನ್ನು ಮರುಪರಿಶೀಲಿಸಬೇಕು. ವಾಲ್ಪ್ರೊಯೇಟ್ ಇದ್ದರಂತೂ ಕಡ್ಡಾಯ, ಅದು ಹೊಟ್ಟೆಯ ಕೂಸಿಗೆ ಅಪಾಯ. ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ಮುಟ್ಟು ನಿಂತದ್ದಕ್ಕೆ ಪ್ರೊಲ್ಯಾಕ್ಟಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ರಿಸ್ಪೆರಿಡೋನ್‌ನಂಥ ಗುಳಿಗೆಯಿಂದ ಹೀಗಾಗುತ್ತದೆ, ಬದಲಿ ಗುಳಿಗೆ ಇದೆ. ತೂಕ, ಸಕ್ಕರೆ, ಕೊಲೆಸ್ಟ್ರಾಲ್ ಕೂಡ ನೋಡಿಸಿ. ಹೊಲಿಗೆ ಮಾತ್ರ ಯಾರು ಏನೆಂದರೂ ಬಿಡಿಸಬೇಡಿ.

ಪ್ರಶ್ನೆ: ನೇಕಾರ, 46. ಖಿನ್ನತೆಗೆ ಎಸಿಟಲೊಪ್ರಾಮ್ ಕೊಟ್ಟಿದ್ದಾರೆ. ಚಟ ಹಿಡಿಯುತ್ತದೆಯೇ?
– ಓದುಗ, ಸವದತ್ತಿ

ಉತ್ತರ: ಇಲ್ಲ. ಚಟ ಹಿಡಿಸುವುದು ಅಲ್ಪ್ರಜೋಲಾಂ ಜಾತಿಯ ನಿದ್ದೆಗುಳಿಗೆ, ಅದನ್ನು ಚೀಟಿಯಿಲ್ಲದೆ ತರಬೇಡಿ. ಎಸಿಟಲೊಪ್ರಾಮ್ ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ಕಿರಿಕಿರಿ ಆಗುತ್ತದೆ. ಆದ್ದರಿಂದ ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು. ಟಿಎಸ್‌ಎಚ್, ಬಿ12, ಹಿಮೋಗ್ಲೋಬಿನ್ ನೋಡಿಸಿರದಿದ್ದರೆ ಈ ವಾರವೇ ನೋಡಿಸಿ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ, ವಿಚಾರಿಸಿ ಹೋಗಿ. ಸಾಯುವ ಯೋಚನೆ ಬಂದರೆ ಮಂಗಳವಾರದವರೆಗೆ ಕಾಯದೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.