ಚಿಕ್ಕ ಮಕ್ಕಳೊಡನೆ ರೈಲು ಪ್ರಯಾಣ: ತಾಯಿತಂದೆಯರು ಅರಿತಿರಬೇಕಾದ ಸಂಗತಿಗಳು

ಬೇಸಿಗೆಯ ರಜೆ ಸಮೀಪಿಸಿದಂತೆ ನನ್ನ ಚಿಕಿತ್ಸಾಲಯಕ್ಕೆ ಕೆಲವು ತಾಯಂದಿರು ಯಾವ ಕಾಯಿಲೆಯೂ ಇಲ್ಲದ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. “ಡಾಕ್ಟರ್ ಬಾಯಾರ, ರಾತ್ರಿ ಗಾಡಿಗೆ ಬೆಂಗಳೂರಿಗೆ ಹೊಂಟೀವಿ. ಮೂರೂ ಹುಡುಗ್ರು ಸುಮ್ಮನ ಮಲಗೂ ಹಂಗ ಒಂದು ಔಷಧ ಬರದುಕೊಡ್ರಿ” ಎಂಬುದು ಅವರ ಕೋರಿಕೆ. ಅವರ ಆಯಾಸ ನನಗೆ ಅರ್ಥವಾಗದ್ದಲ್ಲ. ಆದರೂ ಆ ಚೀಟಿಯನ್ನು ನಾನು ಬರೆದುಕೊಡುವುದಿಲ್ಲ. ನೆಗಡಿಗೂ ಅಲರ್ಜಿಗೂ ಕೊಡುವ ಕೆಲವು ಸಿರಪ್‌ಗಳಿಂದ ಮಂಪರು ಬರುತ್ತದೆಂಬುದನ್ನು ಯಾರಿಂದಲೋ ಕೇಳಿ, ಅಂಗಡಿಯಿಂದ ತಾವೇ ತಂದು ಕುಡಿಸುವವರೂ ಉಂಟು. ಅಂಥ ಔಷಧಗಳಲ್ಲಿ ಪ್ರೊಮೆಥಜೀನ್ ಎಂಬುದು ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳ ಉಸಿರಾಟವನ್ನೇ ಕುಗ್ಗಿಸಬಲ್ಲದು. ಆ ವಯಸ್ಸಿನವರಿಗೆ ಅದು ಸರ್ವಥಾ ನಿಷಿದ್ಧ. ಇನ್ನು ಕೆಲವು ಮಕ್ಕಳಲ್ಲಿ ಈ ಔಷಧಗಳ ಪರಿಣಾಮವೇ ತಿರುಗುಮುರುಗಾಗಿ, ನಿದ್ರೆಗೆ ಬದಲು ಬೆಳಗಿನ ತನಕ ಚಡಪಡಿಕೆ, ಕಿರುಚಾಟ ತೊಡಗುತ್ತದೆ. ಬೋಗಿಯೊಳಗೆ ಮಗು ಅತ್ತರೆ ಸಹಪ್ರಯಾಣಿಕರ ನಿದ್ರೆ ಕೆಡುತ್ತದೆ, ಅಷ್ಟೆ. ಅದಕ್ಕಾಗಿ ಕೂಸಿನ ಉಸಿರನ್ನು ಪಣಕ್ಕೊಡ್ಡಬಾರದು.

ಒಂದು ಮಗುವಿನೊಡನೆ ಪ್ರಯಾಣ ಮಾಡುವುದಕ್ಕೂ ಮೂರು ಮಕ್ಕಳೊಡನೆ ಪ್ರಯಾಣ ಮಾಡುವುದಕ್ಕೂ ಇರುವ ಅಂತರ ಮೂರರಷ್ಟಲ್ಲ, ಅದಕ್ಕಿಂತ ಹೆಚ್ಚು. ತಾಯಿಗೆ ಇರುವ ಕೈ ಎರಡೇ. ಇದನ್ನು ನಾನು ಪುಸ್ತಕದಿಂದ ಕಲಿತವಳಲ್ಲ. ಸುಮಾರು ಮೂವತ್ತು ವರ್ಷಗಳ ಹಿಂದೆ ಅಂದಿನ ಗುಲಬರ್ಗಾದಿಂದ ಬೆಂಗಳೂರಿಗೆ ನಮ್ಮ ಮೂವರು ಮಕ್ಕಳೊಡನೆ ಹೊರಟಿದ್ದೆವು. ಗುಂತಕಲ್ಲಿನಲ್ಲಿ ಗಾಡಿ ನಿಂತಾಗ ನಮ್ಮ ಯಜಮಾನರು ನೀರು ತುಂಬಿಸಿಕೊಳ್ಳಲು ಇಳಿದರು. ನಾನು ಚಿಕ್ಕದಕ್ಕೆ ಹಾಲೂಡಿಸುತ್ತಿದ್ದೆ. ನಾಲ್ಕು ವರ್ಷದ ನಡುವಿನವನು ತಂದೆಯ ಹಿಂದೆಯೇ ಇಳಿದುಹೋದ. ಅವನು ತಂದೆಯ ಜೊತೆಗಿದ್ದಾನೆಂದು ನಾನು, ತಾಯಿಯ ಬಳಿ ಕುಳಿತಿದ್ದಾನೆಂದು ಅವರು ನಂಬಿದ್ದೆವು. ಯಜಮಾನರು ಒಬ್ಬರೇ ಮೇಲೇರಿ ಬಂದು ಕುಳಿತ ಮೇಲೆಯೇ ನಮ್ಮಿಬ್ಬರ ಮುಖವೂ ಬಿಳುಚಿದ್ದು. ಮುಂದಿನ ಬೋಗಿಯ ಬಾಗಿಲ ಬಳಿ ಅಳುತ್ತ ನಿಂತಿದ್ದವನನ್ನು ಒಬ್ಬ ಹಮಾಲಿ ಎತ್ತಿಕೊಂಡು, “ಯಾರ ಕೂಸ್ರೀ ಇದು?” ಎಂದು ಕೂಗುತ್ತ ಕಿಟಕಿಯಿಂದ ಕಿಟಕಿಗೆ ಬರುತ್ತಿದ್ದ. ಗಾಡಿ ಆಗಲೇ ಸೀಟಿ ಹಾಕಿತ್ತು. ಆ ಪುಣ್ಯಾತ್ಮನ ಹೆಸರನ್ನು ಕೇಳಲೂ ನನಗೆ ತೋಚಲಿಲ್ಲ.

ಆ ದಿನದಿಂದ ನಮ್ಮ ಮನೆಯಲ್ಲಿ ಒಂದು ನಿಯಮ ನಿಂತಿತು. ಎಲ್ಲರೂ ಎಲ್ಲ ಮಕ್ಕಳನ್ನು ನೋಡಿಕೊಳ್ಳುವುದೆಂದರೆ ಯಾರೂ ಯಾರನ್ನೂ ನೋಡಿಕೊಳ್ಳದಿರುವುದು ಎಂದೇ ಅರ್ಥ. ಆದ್ದರಿಂದ ಮನೆ ಬಿಡುವ ಮೊದಲೇ ಯಾವ ಮಗು ಯಾರ ಹೊಣೆ ಎಂಬುದನ್ನು ಹೆಸರು ಹಿಡಿದು ಹೇಳಿಕೊಳ್ಳಬೇಕು. ಹೊಣೆ ಹೊತ್ತವರು ಶೌಚಕ್ಕೆ ಎದ್ದರೂ “ಇವನನ್ನು ನಿಮಗೆ ಒಪ್ಪಿಸಿದ್ದೇನೆ” ಎಂದು ಬಾಯಿಬಿಟ್ಟು ಹೇಳಿ, “ಆಗಲಿ” ಎಂಬ ಉತ್ತರ ಬಂದ ಮೇಲೆಯೇ ಹೋಗಬೇಕು. ಅಜ್ಜಿ ಅಜ್ಜ ಜೊತೆಗಿದ್ದರೆ ಅವರಿಗೆ ಓಡುವ ವಯಸ್ಸಿನ ಮಗುವನ್ನು ಒಪ್ಪಿಸದೆ ತೊಡೆಯ ಮೇಲೆ ಕೂರುವ ಕೂಸನ್ನು ಒಪ್ಪಿಸುವುದು ಲೇಸು. ಗಾಡಿ ನಿಂತಾಗಲೊಮ್ಮೆ, ಹೊರಟಾಗಲೊಮ್ಮೆ ಮಕ್ಕಳನ್ನು ಎಣಿಸಬೇಕು. ತಂದೆಯ ಮೊಬೈಲ್ ಸಂಖ್ಯೆಯನ್ನು ಮಗುವಿನ ಮುಂಗೈ ಮೇಲೆ ಪೆನ್ನಿನಿಂದ ಬರೆಯುವುದು ನೋಡಲು ಚೆಂದವಲ್ಲದಿದ್ದರೂ ಉಪಯುಕ್ತ. ಮಗು ಕಾಣದಾದರೆ ನಾಚಿಕೊಂಡು ತಾವೇ ಹುಡುಕುತ್ತ ಕಾಲ ಕಳೆಯದೆ ಕೂಡಲೇ ರೈಲ್ವೆ ಪೊಲೀಸರಿಗೆ ತಿಳಿಸಬೇಕು. ರೈಲ್ವೆ ಸಹಾಯವಾಣಿ 139, ಮಕ್ಕಳ ಸಹಾಯವಾಣಿ 1098.

ಇನ್ನು ಮಲಗುವ ವಿಚಾರ. ಐದು ವರ್ಷದೊಳಗಿನ ಮಕ್ಕಳಿಗೆ ಪ್ರತ್ಯೇಕ ಬರ್ತ್ ಬೇಡವೆಂದರೆ ಟಿಕೆಟ್ ಇಲ್ಲ. ಐದರಿಂದ ಹನ್ನೆರಡರೊಳಗಿನವರಿಗೆ ಬರ್ತ್ ಬೇಡವೆಂದರೆ ಅರ್ಧ ದರ, ಬೇಕೆಂದರೆ ಪೂರ್ಣ ದರ. ಹೀಗಾಗಿ ಹಣ ಉಳಿಸಲೆಂದು ಐದು ಮಂದಿಯ ಕುಟುಂಬ ಎರಡು ಬರ್ತ್‌ಗಳಲ್ಲಿ ರಾತ್ರಿ ಕಳೆಯುವುದು ಸಾಮಾನ್ಯ. ಸುಮಾರು ಎರಡಡಿ ಅಗಲದ ಹಲಗೆಯ ಮೇಲೆ ತಾಯಿ ಮತ್ತು ಇಬ್ಬರು ಮಕ್ಕಳು ಮಲಗಿದರೆ ಒಬ್ಬರು ಬೀಳುವುದು ನಿಶ್ಚಿತ. ದುಡ್ಡಿನ ಕಷ್ಟವನ್ನು ನಾನು ಅಲ್ಲಗಳೆಯಲಾರೆ. ಆದರೆ ಇಡೀ ರಾತ್ರಿಯ ಪ್ರಯಾಣವಾದರೆ ಇನ್ನೊಂದು ಬರ್ತಿನ ಹಣವನ್ನು ಬೇರೆಲ್ಲಾದರೂ ಉಳಿಸಿರೆಂದೇ ನನ್ನ ಸಲಹೆ. ಮಗುವನ್ನು ಯಾವಾಗಲೂ ಕೆಳಗಿನ ಬರ್ತಿನಲ್ಲಿ ಗೋಡೆಯ ಕಡೆಗೆ ಮಲಗಿಸಿ ತಾಯಿ ಅಂಚಿಗೆ ಮಲಗಬೇಕು. ಹಸುಗೂಸಿದ್ದರೆ ಇಬ್ಬರು ಹಿರಿಯರು ಸರದಿಯಂತೆ ಎಚ್ಚರವಿರುವುದೊಳಿತು, ಏಕೆಂದರೆ ದಣಿದ ತಾಯಿಯ ಮೈಕೆಳಗೆ ಕೂಸಿನ ಮುಖ ಸಿಲುಕುವ ಭಯವುಂಟು. ಹವಾನಿಯಂತ್ರಿತ ಬೋಗಿಯ ಚಳಿಗೆ ಕಂಬಳಿಯನ್ನು ತಲೆಯವರೆಗೆ ಹೊದಿಸಬೇಡಿರಿ; ಟೋಪಿ, ಕಾಲುಚೀಲ ತೊಡಿಸಿ ಮುಖ ತೆರೆದಿಡಿರಿ. 2022ರ ಮೇ ತಿಂಗಳಲ್ಲಿ ಲಖನೌ ಮೇಲ್ ಗಾಡಿಯ ಕೆಳಗಿನ ಬರ್ತಿಗೆ ಹೊಂದಿಕೊಂಡಂತೆ ಚಿಕ್ಕದೊಂದು ಶಿಶು ಬರ್ತನ್ನು ಪ್ರಯೋಗಾರ್ಥವಾಗಿ ಅಳವಡಿಸಿದ್ದರು. ನಮ್ಮ ಭಾಗದ ಗಾಡಿಗಳಲ್ಲಿ ಅದನ್ನು ನಾನು ಕಂಡಿಲ್ಲ.

ಬರ್ತುಗಳ ನಡುವೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸುವ ಪದ್ಧತಿಯನ್ನು ನಾನು ಹೀಗಳೆಯುವುದಿಲ್ಲ. ಗಾಡಿಯ ತೂಗಾಟವೇ ಜೋಗುಳವಾಗುತ್ತದೆ. ಆದರೆ ಅದು ನೆಲಕ್ಕೆ ಹತ್ತಿರವಿರಲಿ, ಗಂಟನ್ನು ಹಿರಿಯರೊಬ್ಬರು ಜಗ್ಗಿ ನೋಡಲಿ, ದೊಡ್ಡ ಮಕ್ಕಳು ಅದನ್ನು ತೂಗದಿರಲಿ, ಎಲ್ಲರೂ ನಿದ್ರಿಸುವ ಹೊತ್ತಿಗೆ ಕೂಸನ್ನು ಅದರಿಂದ ಎತ್ತಿಕೊಳ್ಳಲಿ. ಮೇಲಿಂದ ಬಿದ್ದ ಮಗು ಅತ್ತು ಸುಮ್ಮನಾಯಿತೆಂದು ನಿಶ್ಚಿಂತರಾಗಬಾರದು. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಸೆಳವು, ಕಿವಿ ಅಥವಾ ಮೂಗಿನಿಂದ ರಕ್ತ ಇಲ್ಲವೆ ತಿಳಿನೀರು ಕಂಡರೆ ಊರು ತಲಪುವವರೆಗೆ ಕಾಯಕೂಡದು; ಮುಂದಿನ ದೊಡ್ಡ ನಿಲ್ದಾಣದಲ್ಲಿಯೇ ಇಳಿದು ಆಸ್ಪತ್ರೆ ಸೇರಬೇಕು.

ಪ್ರಯಾಣದಲ್ಲಿ ನಮ್ಮ ತಾಯಂದಿರು ಎಸಗುವ ಅತ್ಯಂತ ದೊಡ್ಡ ತಪ್ಪೆಂದರೆ ಮಕ್ಕಳಿಗೆ ನೀರು ಕಡಿಮೆ ಕೊಡುವುದು. ಶೌಚಾಲಯ ಹೊಲಸು, ಮೂವರನ್ನೂ ಒಬ್ಬೊಬ್ಬರನ್ನಾಗಿ ಕರೆದೊಯ್ಯುವುದು ಕಷ್ಟ, ಆದ್ದರಿಂದ ಕುಡಿಯದಿದ್ದರೆ ಲೇಸೆಂಬುದು ಅವರ ಲೆಕ್ಕ. ರಾಯಚೂರು, ಗುಂತಕಲ್ಲಿನ ವೈಶಾಖದ ಬಿಸಿಗಾಳಿ ಕಿಟಕಿಯಿಂದ ಬಡಿಯುತ್ತಿರುವಾಗ ಈ ಲೆಕ್ಕ ಬಹಳ ದುಬಾರಿಯಾಗುತ್ತದೆ. ಮಗು ಆರೆಂಟು ಗಂಟೆ ಮೂತ್ರ ಮಾಡದಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಕಣ್ಣು ಗುಳಿಬಿದ್ದು ಮಂಕಾಗಿದ್ದರೆ ದೇಹದ ನೀರು ಬತ್ತಿದೆಯೆಂದು ತಿಳಿಯಬೇಕು. ಆರು ತಿಂಗಳೊಳಗಿನ ಕೂಸಿಗೆ ಬೇಸಿಗೆಯಲ್ಲಿಯೂ ನೀರು ಬೇಡ, ಎದೆಹಾಲೇ ಸಾಕು. ನೀರು ಕುಡಿಯಬೇಕಾದವಳು ತಾಯಿ. ಸೆರಗಿನ ಮರೆಯಲ್ಲಿ ಹಾಲೂಡಿಸಲು ಸಂಕೋಚಪಟ್ಟು ಬಾಟಲಿ ಹಿಡಿಸುವವರುಂಟು. ಸರಿಯಾಗಿ ತೊಳೆಯಲಾಗದ ಬಾಟಲಿಯೇ ಭೇದಿಯ ಮೂಲ. ಮೇಲುಹಾಲು ಅನಿವಾರ್ಯವಾದರೆ ಬಟ್ಟಲು, ಚಮಚ ಬಳಸಿರಿ.

ಭೇದಿಗೆ ಓಆರ್‌ಎಸ್ ಪೊಟ್ಟಣಗಳು ಚೀಲದಲ್ಲಿರಲೇಬೇಕು. ದೊಡ್ಡ ಪೊಟ್ಟಣವೊಂದಕ್ಕೆ ಸರಿಯಾಗಿ ಒಂದು ಲೀಟರ್ ನೀರು. ಕಡಿಮೆ ನೀರಿನಲ್ಲಿ ಗಟ್ಟಿಯಾಗಿ ಕಲಸಿದರೆ ಅಪಾಯ. ನಿಲ್ದಾಣದಲ್ಲಿ ದೊರೆಯುವ ಒಂದು ಲೀಟರಿನ ನೀರಿನ ಬಾಟಲಿಯೇ ಇದಕ್ಕೆ ಉತ್ತಮ ಅಳತೆ. ಪ್ರತಿ ಸಲ ಭೇದಿಯಾದ ಮೇಲೆ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡವರಿಗೆ 100ರಿಂದ 200 ಮಿ.ಲೀ. ಕುಡಿಸಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ಮತ್ತೆ ಆರಂಭಿಸಬೇಕು. ಕಲಸಿದ್ದು 24 ಗಂಟೆಯ ಮೇಲೆ ಬಳಸಲು ಬಾರದು.

ಬುತ್ತಿಯ ವಿಷಯದಲ್ಲಿ ನಮ್ಮ ಹಿರಿಯರು ಜಾಣರು. ಕಡಕ್ ರೊಟ್ಟಿ, ಚಪಾತಿ, ಚಟ್ನಿಪುಡಿ, ಬಾಳೆಹಣ್ಣು ಬಿಸಿಲಿಗೂ ಕೆಡುವುದಿಲ್ಲ. ಮೊಸರನ್ನವನ್ನು ಹೊರಟ ಮೊದಲ ಊಟಕ್ಕೆ ಮುಗಿಸಿಬಿಡಿರಿ. ಆದರೆ ಐದು ವರ್ಷದೊಳಗಿನ ಮಕ್ಕಳ ಕೈಗೆ ಇಡಿಯ ಶೇಂಗಾ, ಪುಟಾಣಿ, ಗಟ್ಟಿ ಪೆಪ್ಪರಮಿಂಟು ಕೊಡಬೇಡಿರಿ. ವಿಜಯಪುರದ ದ್ರಾಕ್ಷಿಯನ್ನೂ ಉದ್ದಕ್ಕೆ ಸೀಳಿಯೇ ಕೊಡಬೇಕು. ಗಾಡಿ ಕುಲುಕಿದಾಗ, ಮಗು ನಗುವಾಗ ಅದು ನೇರವಾಗಿ ಶ್ವಾಸನಾಳಕ್ಕೆ ಜಾರುತ್ತದೆ. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿರಿ. ದನಿಯೇ ಹೊರಡದಿದ್ದರೆ, ಒಂದು ವರ್ಷದೊಳಗಿನ ಕೂಸನ್ನು ಮುಂಗೈ ಮೇಲೆ ಬೋರಲಾಗಿ, ತಲೆ ತಗ್ಗಿರುವಂತೆ ಹಿಡಿದು ಹೆಗಲೆಲುಬುಗಳ ನಡುವೆ ಅಂಗೈಯಿಂದ ಐದು ಸಲ ಬಡಿಯಬೇಕು. ಹೋಗದಿದ್ದರೆ ಮೇಲ್ಮೊಗ ಮಾಡಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಸಲ ಒತ್ತಬೇಕು. ದೊಡ್ಡ ಮಗುವಾದರೆ ಮುಂದಕ್ಕೆ ಬಾಗಿಸಿ ಬೆನ್ನಿಗೆ ಐದು ಏಟು, ಬಳಿಕ ಹಿಂದಿನಿಂದ ಅಪ್ಪಿ ಹೊಕ್ಕುಳದ ಮೇಲ್ಭಾಗವನ್ನು ಒಳಕ್ಕೂ ಮೇಲಕ್ಕೂ ಐದು ಸಲ ಒತ್ತುವುದು. ವಸ್ತು ಹೊರಬರುವ ತನಕ ಇದನ್ನು ಸರದಿಯಂತೆ ಮುಂದುವರಿಸಬೇಕು. ಕಣ್ಣಿಗೆ ಕಾಣದ ವಸ್ತುವನ್ನು ಗಂಟಲಿನಲ್ಲಿ ಬೆರಳಿಟ್ಟು ಹುಡುಕಬಾರದು, ಇನ್ನೂ ಒಳಕ್ಕೆ ಹೋಗುತ್ತದೆ.

ಚಹಾ ಮಾರುವವನು ಬಂದಾಗ ತೊಡೆಯ ಮೇಲೆ ಮಗುವಿದ್ದರೆ ಕಪ್ಪನ್ನು ಮುಟ್ಟಬೇಡಿರಿ. ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರು ಹರಿಸಿರಿ. ಟೂತ್‌ಪೇಸ್ಟ್, ಶಾಯಿ, ಮಂಜುಗಡ್ಡೆ ಯಾವುದೂ ಬೇಡ. ಕಿಟಕಿಯ ಜಾರುಬಾಗಿಲು ಕೊಂಡಿಯಿಂದ ತಪ್ಪಿ ಬಿದ್ದು ಬೆರಳು ಜಜ್ಜಿದ ಮಕ್ಕಳನ್ನು ನಾನು ಪ್ರತಿ ವರ್ಷವೂ ನೋಡುತ್ತೇನೆ. ಕೈತೊಳೆಯುವ ತೊಟ್ಟಿ ಬಾಗಿಲ ಪಕ್ಕದಲ್ಲಿಯೇ ಇರುವುದರಿಂದ ಹತ್ತು ವರ್ಷದವನನ್ನೂ ಅಲ್ಲಿಗೆ ಒಬ್ಬನನ್ನೇ ಕಳಿಸಬಾರದು.

ಜ್ವರಕ್ಕೆ ಪ್ಯಾರಾಸಿಟಮಾಲ್ ಒಯ್ಯುವವರು ಒಂದು ಮಾತನ್ನು ನೆನಪಿಡಬೇಕು. ಅದರ ಪ್ರಮಾಣ ಮಗುವಿನ ತೂಕವನ್ನು ಅವಲಂಬಿಸಿದೆ; ಸಿರಪ್‌ಗಳ ಶಕ್ತಿಯೂ ಒಂದೇ ಅಲ್ಲ. ಅಣ್ಣನ ಚಮಚ ತಮ್ಮನಿಗೆ ಸಲ್ಲದು. ಹೊರಡುವ ಮೊದಲು ವೈದ್ಯರನ್ನು ಕೇಳಿ ಪ್ರತಿ ಮಗುವಿನ ಹೆಸರು, ಎಷ್ಟು ಮಿ.ಲೀ. ಎಂಬುದನ್ನು ಬಾಟಲಿಗೆ ಅಂಟಿಸಿರಿ. ಔಷಧ ಕೊಡುವವರು ಒಬ್ಬರೇ ಆಗಿರಲಿ. ಕೊಟ್ಟ ಸಮಯವನ್ನು ಬರೆದಿಡಲಿ. ದೀಪ ಆರಿದ ಬೋಗಿಯಲ್ಲಿ ತಾಯಿ ಕೊಟ್ಟ ಔಷಧವನ್ನು ತಂದೆ ಮತ್ತೊಮ್ಮೆ ಕೊಟ್ಟ ಪ್ರಸಂಗಗಳು ನನ್ನ ಅನುಭವದಲ್ಲಿವೆ.

ನಡುದಾರಿಯಲ್ಲಿ ಮಗುವಿನ ಸ್ಥಿತಿ ಕೆಟ್ಟರೆ ಸರಪಳಿ ಎಳೆಯಲು ಧಾವಿಸಬೇಡಿರಿ. ಗಾಡಿ ಹೊಲದ ನಡುವೆ ನಿಂತರೆ ಅಲ್ಲಿ ವೈದ್ಯರು ಎಲ್ಲಿಯವರು? ಟಿಕೆಟ್ ಪರೀಕ್ಷಕರಿಗೆ ತಿಳಿಸಿ, 139ಕ್ಕೆ ಕರೆಮಾಡಿ ಗಾಡಿಯ ಸಂಖ್ಯೆ, ಬೋಗಿ, ಬರ್ತ್ ಹೇಳಿದರೆ ಮುಂದಿನ ನಿಲ್ದಾಣದಲ್ಲಿ ವೈದ್ಯಕೀಯ ನೆರವು ಪಡೆಯಬಹುದು. ಅದೇ ಬೋಗಿಯಲ್ಲಿ ವೈದ್ಯರೋ ದಾದಿಯರೋ ಇದ್ದಾರೆಯೇ ಎಂದು ಗಟ್ಟಿಯಾಗಿ ಕೇಳಲು ಸಂಕೋಚಪಡಬೇಡಿರಿ. ನಿದ್ರೆಯಿಂದ ಎಬ್ಬಿಸಿದ್ದಕ್ಕೆ ನಾವು ಯಾರೂ ಬೇಸರಪಡುವುದಿಲ್ಲ.

ಊರು ಸೇರಿದ ಮೇಲೆ ಎರಡು ಮೂರು ದಿನ ಮಕ್ಕಳ ಮೇಲೆ ಕಣ್ಣಿರಲಿ. ಮಲದಲ್ಲಿ ರಕ್ತ ಕಂಡರೆ, ಏನು ಕುಡಿಸಿದರೂ ವಾಂತಿಯಾದರೆ, ಮೂರು ತಿಂಗಳೊಳಗಿನ ಕೂಸಿಗೆ ಎಷ್ಟೇ ಅಲ್ಪ ಜ್ವರ ಬಂದರೂ ಅಂದೇ ವೈದ್ಯರಿಗೆ ತೋರಿಸಬೇಕು. ನೆಂಟರ ಮನೆಯ ಮದುವೆ ಮುಗಿಯಲೆಂದು ಕಾಯಬಾರದು.