ಬೀದಿ ಬೆಕ್ಕಿನ ಬಾಣಂತನ: ಅಂಜುವ ತಾಯಿಗೆ ಆಸರೆ ನೀಡುವ ಕ್ರಮ

ಮನುಷ್ಯರ ಒಡನಾಟವಿಲ್ಲದೆ ಬೀದಿಯಲ್ಲಿಯೇ ಹುಟ್ಟಿ ಬೆಳೆದು, ದಿನವೂ ಊಟ ಹಾಕುವವರನ್ನು ಕೂಡ ಹತ್ತಿರಕ್ಕೆ ಬಿಟ್ಟುಕೊಳ್ಳದ ಬೆಕ್ಕು ದಿನ ತುಂಬಿದ ಬಸುರಿಯಾಗಿರುವಾಗ ಅದನ್ನು ಹಿಡಿದು ತಂದು, ಹೆರಿಗೆಗೂ ಮರಿಗಳ ಮೊದಲ ಎರಡು ತಿಂಗಳ ಪಾಲನೆಗೂ ತಾತ್ಕಾಲಿಕ ಆಸರೆ ಒದಗಿಸುವುದು ಸಾಕುಬೆಕ್ಕಿನ ಬಾಣಂತನಕ್ಕಿಂತ ಬೇರೆಯೇ ಆದ ಕೆಲಸ. ಸಾಕಿದ ಬೆಕ್ಕು ನೋವು ಬಂದಾಗ ಮನೆಯವರ ಮಗ್ಗುಲಿಗೆ ಬಂದು ಕೂರಬಹುದು. ಮನುಷ್ಯರಿಗೆ ಒಗ್ಗದ ಬೆಕ್ಕಿಗೆ ಅದೇ ಮನುಷ್ಯರ ಸಾಮೀಪ್ಯವೇ ದೊಡ್ಡ ಅಪಾಯವಾಗಿ ತೋರುತ್ತದೆ. ಹೆರಿಗೆಯನ್ನು ಮುನ್ನಡೆಸುವ ಆಕ್ಸಿಟೋಸಿನ್ ಎಂಬ ಹಾರ್ಮೋನಿನ ಕೆಲಸಕ್ಕೆ, ಭಯವಾದಾಗ ರಕ್ತಕ್ಕೆ ಸೇರುವ ಅಡ್ರಿನಲಿನ್ ಅಡ್ಡಿಯಾಗುವುದರಿಂದ, ಬೆದರಿದ ಬೆಕ್ಕಿನ ಹೆರಿಗೆ ನಡುವೆಯೇ ನಿಂತುಹೋಗಬಹುದು ಮತ್ತು ಹುಟ್ಟಿದ ಮರಿಗಳನ್ನು ತಾಯಿ ತೊರೆಯಲೂಬಹುದು. ಆದ್ದರಿಂದ ಕೋಣೆಯ ಆಯ್ಕೆಯಿಂದ ಮರಿಗಳ ತೂಕ ನೋಡುವವರೆಗಿನ ಪ್ರತಿಯೊಂದು ಹೆಜ್ಜೆಯನ್ನೂ ಅದು ತಾಯಿಯ ಹೆದರಿಕೆಯನ್ನು ತಗ್ಗಿಸುತ್ತದೆಯೇ ಹೆಚ್ಚಿಸುತ್ತದೆಯೇ ಎಂಬ ಒಂದೇ ಪ್ರಶ್ನೆಯಿಂದ ಅಳೆಯಬೇಕಾಗುತ್ತದೆ. ತಾಯಿಯನ್ನು ಪಳಗಿಸುವುದು ಈ ಕೆಲಸದ ಗುರಿಯಲ್ಲ.

ಹಿಡಿಯುವ ಮುನ್ನ

ಬೆಕ್ಕಿನ ಗರ್ಭಾವಧಿ ಸಾಮಾನ್ಯವಾಗಿ 63ರಿಂದ 67 ದಿನ. ಬೀದಿ ಬೆಕ್ಕು ಗಂಡಿನೊಂದಿಗೆ ಕೂಡಿದ ದಿನ ಯಾರಿಗೂ ತಿಳಿದಿರುವುದಿಲ್ಲವಾದ್ದರಿಂದ ದೇಹದ ಲಕ್ಷಣಗಳಿಂದಲೇ ಅವಧಿಯನ್ನು ಅಂದಾಜಿಸಬೇಕು. ಮೂರನೆಯ ವಾರದ ಸುಮಾರಿಗೆ ಮೊಲೆತೊಟ್ಟುಗಳು ಉಬ್ಬಿ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ, ಐದನೆಯ ವಾರ ಕಳೆದ ಮೇಲೆ ಹೊಟ್ಟೆ ಎದ್ದು ಕಾಣುತ್ತದೆ, ಕೊನೆಯ ಎರಡು ವಾರಗಳಲ್ಲಿ ಬೆಕ್ಕು ಮಗ್ಗುಲಾಗಿ ಮಲಗಿದ್ದಾಗ ಒಳಗಿನ ಮರಿಗಳ ಮಿಸುಕಾಟ ದೂರದಿಂದಲೂ ಕಣ್ಣಿಗೆ ಬೀಳಬಹುದು.

ಎಲ್ಲಕ್ಕಿಂತ ಮೊದಲು ಖಚಿತಪಡಿಸಿಕೊಳ್ಳಬೇಕಾದ ಸಂಗತಿಯೆಂದರೆ ಬೆಕ್ಕು ಇನ್ನೂ ಬಸುರಿಯೋ ಅಥವಾ ಈಗಾಗಲೇ ಈದಿದೆಯೋ ಎಂಬುದು. ಬಸುರಿಯ ಹೊಟ್ಟೆ ಮೇಲಿನಿಂದ ನೋಡಿದಾಗ ಎರಡೂ ಬದಿಗೆ ಉಬ್ಬಿರುತ್ತದೆ. ಹಾಲೂಡಿಸುತ್ತಿರುವ ಬೆಕ್ಕಿನ ಪಕ್ಕೆಗಳು ಒಳಸರಿದು, ಹೊಟ್ಟೆ ಜೋಲುಬಿದ್ದು, ಮೊಲೆತೊಟ್ಟಿನ ಸುತ್ತಲಿನ ಕೂದಲು ಮರಿಗಳ ಚೀಪುವಿಕೆಯಿಂದ ಉದುರಿರುತ್ತದೆ ಅಥವಾ ಅಂಟಿಕೊಂಡಿರುತ್ತದೆ. ಈ ಭೇದವನ್ನು ಗಮನಿಸದೆ ಬಾಣಂತಿ ಬೆಕ್ಕನ್ನು ಹಿಡಿದು ತಂದರೆ ಎಲ್ಲೋ ಅಟ್ಟದ ಮೇಲೆ, ಸೌದೆ ರಾಶಿಯ ಹಿಂದೆ ಅಥವಾ ನಿಂತ ವಾಹನದ ಅಡಿಯಲ್ಲಿ ಅವಿತಿರುವ ಮರಿಗಳು ಹಸಿವಿನಿಂದ ಸಾಯುತ್ತವೆ. ಗರ್ಭ ಇನ್ನೂ ಎಳೆಯದಾಗಿದ್ದರೆ ಮುಂದೇನು ಮಾಡಬೇಕೆಂಬುದನ್ನು ಪಶುವೈದ್ಯರೊಂದಿಗೆ ಚರ್ಚಿಸಿ ತೀರ್ಮಾನಿಸುವುದು ಸೂಕ್ತ.

ಹಿಡಿಯಲು ಬರಿಗೈಯನ್ನಾಗಲಿ ಗೋಣಿಚೀಲವನ್ನಾಗಲಿ ಬಳಸಬಾರದು. ಒಳಗೆ ಕಾಲಿಟ್ಟೊಡನೆ ಬಾಗಿಲು ಮುಚ್ಚಿಕೊಳ್ಳುವ ಬೋನಿನಲ್ಲಿ ವಾಸನೆಯುಳ್ಳ ಮೀನನ್ನಿಟ್ಟು, ಬೆಕ್ಕು ಒಳಹೊಕ್ಕ ಕೂಡಲೇ ಬೋನನ್ನು ದಪ್ಪ ಬಟ್ಟೆಯಿಂದ ಪೂರ್ತಿ ಮುಚ್ಚಿದರೆ ಕತ್ತಲೆಯಲ್ಲಿ ಅದು ಬಹುಮಟ್ಟಿಗೆ ಶಾಂತವಾಗುತ್ತದೆ. ಬೋನಿಟ್ಟು ಬಿಟ್ಟುಹೋಗುವುದು ತಪ್ಪು. ತುಂಬು ಬಸುರಿ ಕಂಬಿಗೆ ಹಾಯ್ದು ಗಾಯ ಮಾಡಿಕೊಳ್ಳುವ ಮುನ್ನ ಬಟ್ಟೆ ಹೊದಿಸಲು ಯಾರಾದರೂ ಹತ್ತಿರದಲ್ಲಿರಲೇಬೇಕು. ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ನಾಯಿಗಳಿಂದ ಮಾತ್ರ ಬರುವ ರೋಗವಲ್ಲ. ಚರ್ಮದೊಳಗೆ ಕೊಡುವ ಲಸಿಕೆಯನ್ನು ಮೊದಲ ದಿನ, ಬಳಿಕ 3, 7 ಮತ್ತು 28ನೆಯ ದಿನಗಳಲ್ಲಿ ತಪ್ಪದೆ ಪೂರೈಸಬೇಕು, ಗಾಯದ ಸ್ವರೂಪವನ್ನು ನೋಡಿ ವೈದ್ಯರು ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದನ್ನೂ ಸೇರಿಸಬಹುದು. ಮನೆಯಲ್ಲಿ ಗರ್ಭಿಣಿಯರಿದ್ದರೆ ಬೆಕ್ಕಿನ ಮಲವನ್ನು ಅವರು ಸ್ವಚ್ಛಗೊಳಿಸಬಾರದು. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿ ಮಲದ ಮೂಲಕ ಹರಡಿ ಭ್ರೂಣಕ್ಕೆ ಹಾನಿ ಮಾಡಬಲ್ಲದು.

ಕೋಣೆ ಮತ್ತು ಗೂಡು

ದಿನಕ್ಕೆ ಎರಡು ಮೂರು ಬಾರಿಗಿಂತ ಹೆಚ್ಚು ಯಾರೂ ಕಾಲಿಡದ, ಟಿ.ವಿ., ಮಿಕ್ಸಿ ಮತ್ತು ನಾಯಿ ಬೊಗಳುವ ಸದ್ದಿನಿಂದ ದೂರವಿರುವ ಚಿಕ್ಕ ಕೋಣೆ ಇದಕ್ಕೆ ಯೋಗ್ಯ. ಬೆದರಿದ ಬೆಕ್ಕು ಗೋಡೆಯನ್ನೇ ಹತ್ತಲು ಯತ್ನಿಸುವುದರಿಂದ ಕಿಟಕಿಗಳಿಗೆ ಗಟ್ಟಿಯಾದ ಜಾಲರಿ ಇರಬೇಕು, ಸಜ್ಜಾದ ಮೇಲಿನ ಪಾತ್ರೆಗಳನ್ನು ತೆಗೆದಿರಬೇಕು, ಬೀರುವಿನ ಹಿಂದಿನ ಸಂದಿಗಳನ್ನು ಮುಚ್ಚಿರಬೇಕು. ಬಚ್ಚಲುಮನೆಯನ್ನೇ ಬಳಸುವುದಾದರೆ ಕಮೋಡಿನ ಮುಚ್ಚಳ ಹಾಕಿ, ಬಕೆಟ್‌ಗಳನ್ನು ಬರಿದು ಮಾಡಿಡಬೇಕು. ಮನೆಯಲ್ಲಿ ಬೇರೆ ಬೆಕ್ಕುಗಳಿದ್ದರೆ ಅವುಗಳ ಪಾತ್ರೆ, ಬಟ್ಟೆಗಳಾವುವೂ ಈ ಕೋಣೆಗೆ ಬರಕೂಡದು, ಈ ಕೋಣೆಯವು ಹೊರಗೆ ಹೋಗಕೂಡದು. ಬೆಕ್ಕುಗಳ ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಾಣು ರೋಗವು ಬಟ್ಟೆ ಮತ್ತು ಚಪ್ಪಲಿಗಳ ಮೂಲಕವೂ ಸಾಗಿ ಮರಿಗಳನ್ನು ಸಾಮೂಹಿಕವಾಗಿ ಕೊಲ್ಲುತ್ತದೆ.

ನಮ್ಮ ಮನೆಗಳಲ್ಲಿ ನೆಲ ಒರೆಸಲು ಹೇರಳವಾಗಿ ಬಳಕೆಯಾಗುವ ಫಿನಾಯಿಲ್ ಬೆಕ್ಕಿನ ಪಾಲಿಗೆ ವಿಷ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆಯಾದ್ದರಿಂದ, ಒರೆಸಿದ ನೆಲದ ಮೇಲೆ ನಡೆದು ಬಳಿಕ ಪಾದ ನೆಕ್ಕಿಕೊಳ್ಳುವುದರಿಂದಲೂ ಅದಕ್ಕೆ ಅಪಾಯ ಉಂಟಾಗುತ್ತದೆ. ನೀರಿಗೆ ಸುರಿದರೆ ಹಾಲಿನಂತೆ ಬೆಳ್ಳಗಾಗುವ, ಕ್ಲೋರಾಕ್ಸಿಲೆನಾಲ್ ಇರುವ ಸೋಂಕುನಿವಾರಕಗಳೂ ಇದೇ ಗುಂಪಿಗೆ ಸೇರುತ್ತವೆ. ಬೆಕ್ಕನ್ನು ತರುವ ಮುನ್ನ ಬ್ಲೀಚ್ ಅನ್ನು ತೆಳುವಾಗಿ ಬೆರೆಸಿದ ನೀರಿನಿಂದ ನೆಲ ತೊಳೆದು, ಮತ್ತೆ ಬರಿ ನೀರಿನಿಂದ ಜಾಲಿಸಿ ಒಣಗಿಸಿದರೆ ಸಾಕು. ನುಸಿಗುಳಿಗೆಗಳನ್ನೂ ಕೋಣೆಯಿಂದ ತೆಗೆದಿರಬೇಕು. ನಾಯಿಗಳಿಗಾಗಿ ಮಾರುವ, ಪರ್ಮೆಥ್ರಿನ್ ಬೆರೆತ ಚಿಗಟದ ಔಷಧವನ್ನು ಬೆಕ್ಕಿಗೆ ಹಾಕಬಾರದು, ಜ್ವರದ ಪ್ಯಾರಾಸಿಟಮಾಲ್ ಅನ್ನು ಯಾವ ಪ್ರಮಾಣದಲ್ಲಿಯೂ ಕೊಡಬಾರದು. ಎರಡೂ ಬೆಕ್ಕಿನ ಜೀವ ತೆಗೆಯಬಲ್ಲವು.

ಗೂಡಿಗೆ ದೊಡ್ಡ ರಟ್ಟಿನ ಪೆಟ್ಟಿಗೆ ಧಾರಾಳವಾಗಿ ಸಾಕಾಗುತ್ತದೆ. ತಾಯಿ ಉದ್ದಕ್ಕೆ ಮಲಗುವಷ್ಟು ಅಗಲವಾಗಿದ್ದು, ಮೇಲ್ಭಾಗ ಮುಚ್ಚಿಕೊಂಡು, ಒಂದು ಬದಿಯಲ್ಲಿ ಮಾತ್ರ ತೂತಿರುವ ಪೆಟ್ಟಿಗೆಯ ಹೊಸ್ತಿಲನ್ನು ನಾಲ್ಕೈದು ಅಂಗುಲ ಎತ್ತರ ಉಳಿಸಿಕೊಂಡರೆ ಮರಿಗಳು ಹೊರಗೆ ಉರುಳುವುದಿಲ್ಲ. ಹಾಸಲು ಹಳೆಯ ಹತ್ತಿ ಸೀರೆ, ಪಂಚೆಗಳು ಒಳ್ಳೆಯವು. ಎಳೆ ಬಿಟ್ಟ ಟರ್ಕಿ ಟವೆಲಿಗೆ ಮರಿಗಳ ಉಗುರು ಸಿಕ್ಕಿಕೊಳ್ಳುತ್ತದೆ. ಬೆಕ್ಕನ್ನು ಕೋಣೆಗೆ ಬಿಟ್ಟ ದಿನದಿಂದಲೇ, ಬಾಗಿಲಿರುವ ಸಾಗಣೆ ಪೆಟ್ಟಿಗೆಯೊಂದನ್ನು ಅದರ ಅಡಗುತಾಣವಾಗಿ ಇಟ್ಟಿರುವುದು ತೀರ ಉಪಯುಕ್ತ. ಒಳಗೆ ಯಾರಾದರೂ ಬಂದಾಗ ಬೆಕ್ಕು ತಾನಾಗಿಯೇ ಅದರೊಳಗೆ ಸರಿಯುತ್ತದೆ, ಕೋಲಿನಿಂದ ಬಾಗಿಲು ಮುಚ್ಚಿ ಕೋಣೆಯನ್ನು ಸ್ವಚ್ಛಗೊಳಿಸಬಹುದು, ತುರ್ತಾಗಿ ಆಸ್ಪತ್ರೆಗೆ ಒಯ್ಯಬೇಕಾದಾಗ ಹಿಡಿಯುವ ರಂಪವಿಲ್ಲದೆ ಹಾಗೆಯೇ ಎತ್ತಿಕೊಂಡು ಹೋಗಬಹುದು. ಮಲವಿಸರ್ಜನೆಗೆ ಅಗಲ ತಟ್ಟೆಯಲ್ಲಿ ಮರಳು ಅಥವಾ ತೋಟದ ಮಣ್ಣನ್ನು ಹಾಕಿದರೆ ಬೀದಿಯ ಬೆಕ್ಕು ಅದನ್ನು ಬೇಗ ಗುರುತಿಸುತ್ತದೆ.

ಆಹಾರ

ಹಾಲನ್ನ, ಮೊಸರನ್ನಗಳನ್ನು ಪ್ರೀತಿಯಿಂದ ಹಾಕುವ ರೂಢಿ ಇದ್ದರೂ, ಬಸುರಿ ಬೆಕ್ಕಿಗೆ ಅವು ಆಹಾರವಾಗಲಾರವು. ಬೆಕ್ಕು ಮಾಂಸವನ್ನೇ ಅವಲಂಬಿಸಿರುವ ಪ್ರಾಣಿ. ಮಾಂಸ ಮತ್ತು ಮೀನುಗಳಲ್ಲಿ ಮಾತ್ರ ಸಾಕಷ್ಟು ದೊರೆಯುವ ಟಾರಿನ್ ಎಂಬ ಅಂಶದ ಕೊರತೆಯಾದರೆ ಭ್ರೂಣಗಳು ಗರ್ಭದಲ್ಲಿಯೇ ಕರಗಬಹುದು, ಮರಿಗಳು ಸತ್ತು ಹುಟ್ಟಬಹುದು ಅಥವಾ ತೂಕವಿಲ್ಲದೆ ಹುಟ್ಟಬಹುದು. ಬೆಳೆಯುವ ಮರಿಗಳಿಗೆಂದು ತಯಾರಾದ ಬೆಕ್ಕಿನ ಆಹಾರವನ್ನೇ ತಾಯಿಗೂ ಕೊಡುವುದು ಅತ್ಯುತ್ತಮ ಮಾರ್ಗ. ಅದರ ಜೊತೆಗೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿ ಮುಳ್ಳು ತೆಗೆದ ಮೀನನ್ನೋ ಕೋಳಿಮಾಂಸವನ್ನೋ ಸೇರಿಸಬಹುದು. ಮರಿಗಳು ಹೊಟ್ಟೆಯ ಜಾಗವನ್ನೆಲ್ಲ ಆಕ್ರಮಿಸಿರುವುದರಿಂದ ಸ್ವಲ್ಪ ಸ್ವಲ್ಪವಾಗಿ ಅನೇಕ ಬಾರಿ ಉಣ್ಣುವಂತೆ ಇಡಬೇಕು, ಹೆರಿಗೆಯ ನಂತರ ಈ ಪ್ರಮಾಣವನ್ನು ಎರಡು ಮೂರು ಪಟ್ಟಿಗೆ ಏರಿಸಬೇಕು. ಬಸುರಿಯಲ್ಲವೇ ಎಂದು ಕ್ಯಾಲ್ಸಿಯಂ ಸಿರಪ್ಪನ್ನು ವೈದ್ಯರ ಸಲಹೆಯಿಲ್ಲದೆ ಕುಡಿಸುವುದು ಹಾನಿಕರ. ಹೊರಗಿನಿಂದ ಹೆಚ್ಚು ಸಿಕ್ಕಿದಾಗ ಮೂಳೆಗಳಿಂದ ಕ್ಯಾಲ್ಸಿಯಂ ತೆಗೆದುಕೊಳ್ಳುವ ದೇಹದ ವ್ಯವಸ್ಥೆ ಮಂದವಾಗಿ, ಹಾಲೂಡಿಸುವ ಕಾಲದಲ್ಲಿ ರಕ್ತದ ಕ್ಯಾಲ್ಸಿಯಂ ಹಠಾತ್ತನೆ ಕುಸಿಯಬಹುದು. ಹೊಸ ಜಾಗದಲ್ಲಿ ಮೊದಲ ದಿನ ಉಪವಾಸವಿರುವ ಬೆಕ್ಕು ರಾತ್ರಿಯ ನಿಶ್ಶಬ್ದದಲ್ಲಿ ಸಾಮಾನ್ಯವಾಗಿ ತಿನ್ನುತ್ತದೆ. ಎರಡನೆಯ ದಿನವೂ ಮುಟ್ಟದಿದ್ದರೆ ವೈದ್ಯರನ್ನು ಸಂಪರ್ಕಿಸಬೇಕು.

ಹೆರಿಗೆ

ಬೆಕ್ಕಿನ ಗುದದ್ವಾರದ ಉಷ್ಣತೆ ಹೆರಿಗೆಯ ಹಿಂದಿನ ದಿನ 100 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯುವುದುಂಟಾದರೂ, ಮುಟ್ಟಗೊಡದ ಬೆಕ್ಕಿನ ಉಷ್ಣತೆ ಅಳೆಯುವ ಪ್ರಯತ್ನಕ್ಕೆ ಇಳಿಯಬಾರದು. ಊಟ ಬಿಡುವುದು, ಹಾಸಿಗೆ ಕೆದಕುವುದು, ಗೂಡಿಗೆ ಹೋಗಿ ಬಂದು ಮಾಡುವುದು, ಬಾಯಿ ತೆರೆದು ಏದುವುದು ಇವೇ ಸಾಕಷ್ಟು ಸೂಚನೆ ನೀಡುತ್ತವೆ. ಈ ಮೊದಲ ಹಂತ 12ರಿಂದ 24 ಗಂಟೆಗಳವರೆಗೂ ನಡೆಯಬಹುದು. ಮಂದ ಬೆಳಕಿಟ್ಟು, ಬಾಗಿಲು ಮುಚ್ಚಿ, ಹಳೆಯ ಮೊಬೈಲನ್ನೋ ಕಡಿಮೆ ಬೆಲೆಯ ಕ್ಯಾಮೆರಾವನ್ನೋ ಮೊದಲೇ ಜೋಡಿಸಿಟ್ಟು ಹೊರಗಿನಿಂದ ನೋಡುತ್ತಿರುವುದು ಒಳ್ಳೆಯದು, ಕಂಡದ್ದನ್ನೆಲ್ಲ ಗಡಿಯಾರದ ಸಮಯದೊಂದಿಗೆ ಬರೆದಿಟ್ಟುಕೊಳ್ಳುವುದು ಇನ್ನೂ ಒಳ್ಳೆಯದು. ವೈದ್ಯರು ಮೊದಲು ಕೇಳುವುದೇ ಅದನ್ನು.

ಗಟ್ಟಿ ನೋವು ಆರಂಭವಾದ ಮೇಲೆ ಮೊದಲ ಮರಿ ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಬರುತ್ತದೆ, ಉಳಿದವು ಹತ್ತು ನಿಮಿಷದಿಂದ ಒಂದು ಗಂಟೆಯ ಅಂತರದಲ್ಲಿ ಬರುತ್ತವೆ. ಬಾಲ ಮುಂದಾಗಿ ಹುಟ್ಟುವುದು ಬೆಕ್ಕುಗಳಲ್ಲಿ ಅಸಹಜವಲ್ಲ. ತಾಯಿ ಪೊರೆಯನ್ನು ಹರಿದು, ಮರಿಯನ್ನು ನೆಕ್ಕಿ, ಹೊಕ್ಕುಳಬಳ್ಳಿಯನ್ನು ಕಡಿದು, ಮಾಸನ್ನು ತಾನೇ ತಿನ್ನುತ್ತದೆ; ಅದನ್ನು ಕಿತ್ತುಕೊಳ್ಳುವ ಅಗತ್ಯವಿಲ್ಲ. ಬಿಡುವಿಲ್ಲದೆ ಜೋರಾಗಿ ಮುಕ್ಕರಿಸುತ್ತಿದ್ದರೂ ಅರ್ಧ ಗಂಟೆಯೊಳಗೆ ಮರಿ ಬಾರದಿರುವುದು, ಒಳಗೆ ಮರಿ ಇರುವಂತೆ ತೋರುತ್ತಿದ್ದು ನೋವಿನೊಂದಿಗೆ ಎರಡು ಗಂಟೆ ಕಳೆಯುವುದು, ಮರಿ ಅರ್ಧ ಹೊರಬಂದು ಸಿಕ್ಕಿಕೊಳ್ಳುವುದು, ತಾಜಾ ರಕ್ತ ನಿಲ್ಲದೆ ಹರಿಯುವುದು, ದುರ್ವಾಸನೆಯ ಸ್ರಾವ, ತಾಯಿ ಸೋತು ಕುಸಿಯುವುದು ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬೆಂಗಳೂರಿನ ಹೆಬ್ಬಾಳ, ಬೀದರ್, ಹಾಸನ, ಶಿವಮೊಗ್ಗಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಆಸ್ಪತ್ರೆಯದಾಗಲಿ ಹತ್ತಿರದ ಖಾಸಗಿ ವೈದ್ಯರದಾಗಲಿ ರಾತ್ರಿಯ ಸೇವೆ ಇದೆಯೇ ಎಂಬುದನ್ನು ವಾರ ಮುಂಚೆಯೇ ವಿಚಾರಿಸಿಡಬೇಕು. ನೋವು ಬರಿಸುವ ಚುಚ್ಚುಮದ್ದನ್ನು ಮನೆಯಲ್ಲಿ ಕೊಟ್ಟರೆ, ಮರಿ ಅಡ್ಡ ಸಿಕ್ಕಿರುವ ಸಂದರ್ಭದಲ್ಲಿ ಗರ್ಭಕೋಶವೇ ಹರಿಯಬಹುದು.

ತಾಯಿ ಒಂದೆರಡು ನಿಮಿಷದೊಳಗೆ ಪೊರೆ ಹರಿಯದಿದ್ದರೆ ಮಾತ್ರ ಕೈಹಾಕಬೇಕು. ದಪ್ಪ ಕೈಗವಸು ತೊಟ್ಟು ಮರಿಯನ್ನು ಹೊರತಂದು, ಸ್ವಚ್ಛವಾದ ಕೈಯಿಂದ ಮೂತಿಯ ಮೇಲಿನ ಪೊರೆಯನ್ನು ಬಿಡಿಸಿ, ಬಾಯಿ ಮೂಗುಗಳನ್ನು ಒರೆಸಿ, ತಲೆ ತುಸು ತಗ್ಗಿಸಿ ಒಣಬಟ್ಟೆಯಿಂದ ಅದು ಕೂಗುವವರೆಗೆ ಉಜ್ಜಬೇಕು. ಹೊಕ್ಕುಳಬಳ್ಳಿಯನ್ನು ಕತ್ತರಿಸಬೇಕಾದರೆ ಹೊಟ್ಟೆಯಿಂದ ಒಂದು ಅಂಗುಲ ದೂರದಲ್ಲಿ ದಾರ ಕಟ್ಟಿ, ಕಟ್ಟಿನಾಚೆ ಕುದಿಸಿದ ಕತ್ತರಿಯಿಂದ ಕತ್ತರಿಸಿ, ತುದಿಗೆ ಪೊವಿಡೋನ್ ಅಯೋಡಿನ್ ಹಚ್ಚಬೇಕು.

ಬಾಣಂತಿಯ ಕೋಣೆ

ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬ ಮಾತು ರೂಢಿಯಲ್ಲಿದೆ. ಗೂಡಿನ ಬಳಿ ಅಪರಿಚಿತ ಓಡಾಟ, ಬೆಳಕು, ಕೊಳಕು ಅಥವಾ ಚಿಗಟ ಹೆಚ್ಚಿದಾಗ ತಾಯಿ ಜಾಗ ಬದಲಿಸುತ್ತದೆಯೇ ಹೊರತು ಅದಕ್ಕೆ ಎಣಿಕೆಯ ನಿಯಮವೇನೂ ಇಲ್ಲ. ಆದ್ದರಿಂದ ಮೊದಲ ಮೂರು ದಿನ ಊಟ, ನೀರು ಇಟ್ಟು ಹೊರಬರುವುದನ್ನು ಬಿಟ್ಟು ಬೇರೇನನ್ನೂ ಮಾಡಬಾರದು. ನೆರೆಹೊರೆಯವರಿಗೆ ಮರಿ ತೋರಿಸುವ ಆಸೆಯನ್ನು ಕಟ್ಟುನಿಟ್ಟಾಗಿ ತಡೆದುಕೊಳ್ಳಬೇಕು. ಎರಡನೆಯ ಗೂಡುಪೆಟ್ಟಿಗೆಯೊಂದನ್ನು ಕೋಣೆಯ ಇನ್ನೊಂದು ಮೂಲೆಯಲ್ಲಿಟ್ಟರೆ ತಾಯಿಯ ಸ್ಥಳಾಂತರದ ಬಯಕೆ ಅಲ್ಲಿಯೇ ಈಡೇರುತ್ತದೆ.

ರೋಗನಿರೋಧಕ ಅಂಶಗಳಿರುವ ಗಿಣ್ಣುಹಾಲು ಮೊದಲ ದಿನವೇ ಮರಿಗಳ ಹೊಟ್ಟೆ ಸೇರಬೇಕು. ಹುಟ್ಟಿದಾಗ ಸುಮಾರು 100 ಗ್ರಾಂ ತೂಗುವ ಮರಿ ದಿನಕ್ಕೆ 10ರಿಂದ 15 ಗ್ರಾಂ ಹೆಚ್ಚುತ್ತದೆ. ತಾಯಿ ಸಾಗಣೆ ಪೆಟ್ಟಿಗೆಯೊಳಗೆ ಊಟ ಮಾಡುವ ಹೊತ್ತಿನಲ್ಲಿ ಬಾಗಿಲು ಮುಚ್ಚಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಿಂದ ತೂಗಬಹುದು. ತೂಕ ನಿಂತ ಮರಿ ಹಾಲಿಲ್ಲದೆ ಉಳಿದಿದೆ ಎಂದೇ ಭಾವಿಸಬೇಕು. ಮೊದಲ ವಾರದ ಮರಿಗಳಿಗೆ ನಡುಗಿ ಮೈ ಬೆಚ್ಚಗೆ ಮಾಡಿಕೊಳ್ಳುವ ಸಾಮರ್ಥ್ಯವಿರುವುದಿಲ್ಲವಾದ್ದರಿಂದ ಗೂಡಿನ ಉಷ್ಣತೆ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರಬೇಕು, ಮಲೆನಾಡಿನ ಮಳೆಗಾಲದಲ್ಲಿಯೂ ಬೆಂಗಳೂರಿನ ಡಿಸೆಂಬರ್ ರಾತ್ರಿಗಳಲ್ಲಿಯೂ ಬಟ್ಟೆ ಸುತ್ತಿದ ಬಿಸಿನೀರ ಬಾಟಲಿಯನ್ನು ಗೂಡಿನ ಒಂದೇ ಬದಿಗೆ ಇಡಬೇಕು. ತಣ್ಣಗಾದ ಮರಿಗೆ ಹಾಲು ಕುಡಿಸಬಾರದು. ಮೊದಲು ಮೈ ಬಿಸಿಯಾಗಬೇಕು, ಬಳಿಕ ಬೆಕ್ಕಿನ ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿ. ಹಸುವಿನ ಹಾಲಿನಲ್ಲಿ ಅವಕ್ಕೆ ಬೇಕಾದಷ್ಟು ಪ್ರೋಟೀನ್ ಇಲ್ಲ, ಜೊತೆಗೆ ಭೇದಿಯೂ ಆಗುತ್ತದೆ. ತಾಯಿ ತೂರಾಡಿದರೆ, ನಡುಗಿದರೆ ಅಥವಾ ಸೆಟೆದುಕೊಂಡರೆ ಅದು ಕ್ಯಾಲ್ಸಿಯಂ ಕುಸಿದ ಎಕ್ಲಾಂಪ್ಸಿಯಾ ಸ್ಥಿತಿಯಾಗಿರಬಹುದು. ಗಂಟೆಗಳೊಳಗೆ ಚಿಕಿತ್ಸೆ ಸಿಗದಿದ್ದರೆ ಪ್ರಾಣ ಹೋಗುತ್ತದೆ.

ಮನುಷ್ಯರ ಬಗೆಗಿನ ಭಯವಾಗಲಿ ವಿಶ್ವಾಸವಾಗಲಿ ಮರಿಗಳಲ್ಲಿ ನೆಲೆಗೊಳ್ಳುವುದು ಮುಖ್ಯವಾಗಿ ಎರಡರಿಂದ ಏಳನೆಯ ವಾರದ ಅವಧಿಯಲ್ಲಿ. ತಾಯಿಯನ್ನು ಅದರ ಪಾಡಿಗೆ ಬಿಟ್ಟು ಮರಿಗಳನ್ನು ಮಾತ್ರ ದಿನವೂ ಕೆಲವು ನಿಮಿಷ ಕೈಯಲ್ಲಿ ಹಿಡಿಯುತ್ತ ಬಂದರೆ, ನಾಲ್ಕನೆಯ ವಾರದಿಂದ ಮೆತ್ತನೆಯ ಆಹಾರ ರೂಢಿಸಿ, ಎಂಟನೆಯ ವಾರದ ನಂತರ ಅವನ್ನು ಮನೆಗಳಿಗೆ ಕೊಡಬಹುದು. ಎರಡೆರಡು ಮರಿಗಳನ್ನು ಜೊತೆಯಾಗಿ ಕೊಡುವುದು ಲೇಸು. ಹಾಲೂಡಿಸುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರುವುದರಿಂದ ಅದನ್ನು ಮಧ್ಯದಲ್ಲಿ ಹೊರಗೆ ಬಿಡಬಾರದು. ಹಾಲು ಬತ್ತಿದ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಮಾಡಿಸಿ, ಮತ್ತೆ ಯಾರೂ ಹಿಡಿದು ಕೊಯ್ಯದಂತೆ ಅರಿವಳಿಕೆಯಲ್ಲಿರುವಾಗಲೇ ಎಡಕಿವಿಯ ತುದಿಯನ್ನು ಗುರುತಿಗಾಗಿ ಕತ್ತರಿಸಿ, ಹಿಡಿದ ಜಾಗದಲ್ಲಿಯೇ ಬಿಡಬೇಕು. ಬೇರೆ ಬಡಾವಣೆಯಲ್ಲಿ ಬಿಟ್ಟರೆ ನೀರು, ಊಟ, ಅಡಗುತಾಣ ಯಾವುದರ ಸುಳಿವೂ ಇಲ್ಲದೆ ಅದು ಅಲೆದಾಡುತ್ತದೆ. ಬಿಟ್ಟ ಜಾಗದಲ್ಲಿ ಮೊದಲಿನಂತೆಯೇ ನಿಗದಿತ ಹೊತ್ತಿಗೆ ಊಟ ಹಾಕುವವರು ಯಾರೆಂಬುದು ಬೋನು ತೆರೆಯುವ ಮುನ್ನವೇ ಗೊತ್ತಾಗಿರಬೇಕು.