ಮೊದಲ ಟರಾಂಟುಲಾ: ಬಣ್ಣಕ್ಕಿಂತ ಮೊದಲು ಸ್ವಭಾವ ನೋಡಿ

ಟರಾಂಟುಲಾ ಎಂದರೆ ಮೈತುಂಬ ರೋಮವಿರುವ ದೊಡ್ಡ ಜೇಡ. ಜಗತ್ತಿನಲ್ಲಿ ಇವುಗಳ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ. ನಮ್ಮ ಮನೆಯಲ್ಲಿ ಉರ್ದು ಮಾತು. ಚಿಕ್ಕದಿರಲಿ, ದೊಡ್ಡದಿರಲಿ, ಎಲ್ಲ ಜೇಡವೂ ‘ಮಕಡಿ’ಯೇ. ಒಂದನ್ನು ಸಾಕುವ ಆಸೆ ಇದೆ ಎಂದಾಗ ಅಮ್ಮಿ ಕೇಳಿದ್ದು ಒಂದೇ ಪ್ರಶ್ನೆ: ಅದು ಕಚ್ಚುತ್ತದಾ? ತರಗತಿಯ ಗೆಳೆಯರೂ ಅದನ್ನೇ ಕೇಳಿದರು. ಅದಕ್ಕಾಗಿ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಸ್ವಭಾವ ಎಂದರೇನು?

ಬೆಕ್ಕಿನಂತೆ ಟರಾಂಟುಲಾ ಒಡೆಯನನ್ನು ಪ್ರೀತಿಸುವುದಿಲ್ಲ. ಮುಟ್ಟಿದರೆ ಅದಕ್ಕೆ ಖುಷಿಯಿಲ್ಲ, ಹೆಚ್ಚೆಂದರೆ ಸಹಿಸಿಕೊಳ್ಳುತ್ತದೆ. ಆದ್ದರಿಂದ ‘ಸಾಧು’, ‘ಕೋಪಿಷ್ಠ’ ಎಂಬ ಮಾತುಗಳು ಅದರ ಮನಸ್ಸಿನ ಬಗ್ಗೆ ಅಲ್ಲ. ಹೆದರಿದಾಗ ಅದು ತನ್ನನ್ನು ಹೇಗೆ ಕಾಪಾಡಿಕೊಳ್ಳುತ್ತದೆ ಎಂಬುದೇ ಅದರ ಸ್ವಭಾವ.

ಅಮೆರಿಕ ಖಂಡಗಳ ಹೆಚ್ಚಿನ ಟರಾಂಟುಲಾಗಳ ಹೊಟ್ಟೆಯ ಮೇಲೆ ತುರಿಕೆ ತರುವ ಸಣ್ಣ ರೋಮಗಳಿವೆ. ಹೆದರಿದಾಗ ಹಿಂಗಾಲಿನಿಂದ ಅವನ್ನು ಉಜ್ಜಿ ಗಾಳಿಗೆ ಹಾರಿಸುತ್ತವೆ. ಏಷ್ಯಾ, ಆಫ್ರಿಕಾದ ಜಾತಿಗಳಿಗೆ ಈ ರೋಮಗಳಿಲ್ಲ. ಅವುಗಳಿಗೆ ಉಳಿದಿರುವ ದಾರಿ ಎರಡೇ: ಮಿಂಚಿನಂತೆ ಓಡುವುದು ಅಥವಾ ಕಚ್ಚುವುದು. ಅವುಗಳ ವಿಷವೂ ಸಾಮಾನ್ಯವಾಗಿ ಹೆಚ್ಚು ತೀಕ್ಷ್ಣ.

ಎರಡು ಉದಾಹರಣೆಗಳು

ಮೊದಲನೆಯದು ಮೆಕ್ಸಿಕೋದ ಕೆಂಪು ಮಂಡಿಯ ಟರಾಂಟುಲಾ. ಕಪ್ಪು ಕಾಲಿನ ಗಂಟುಗಳಲ್ಲಿ ಕಿತ್ತಳೆ ಕೆಂಪು ಬಣ್ಣ. ನೆಲದಲ್ಲಿ ಬಿಲ ತೋಡಿ ಬದುಕುತ್ತದೆ, ನಿಧಾನವಾಗಿ ನಡೆಯುತ್ತದೆ, ಕಚ್ಚುವುದು ಅಪರೂಪ. ಹೊಸಬರಿಗೆ ಇದನ್ನು ಸೂಚಿಸುವುದು ಈ ಕಾರಣಕ್ಕೆ. ಆದರೆ ರೋಮ ಹಾರಿಸುತ್ತದೆ. ಅದು ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಪೆಟ್ಟಿಗೆ ಸ್ವಚ್ಛ ಮಾಡುವಾಗ ಕನ್ನಡಕ, ಕೈಗವಸು ಬೇಕು.

ಎರಡನೆಯದು ನಮ್ಮ ಪಕ್ಕದ್ದೇ. ಬಳ್ಳಾರಿಗೆ ದೂರವಲ್ಲದ ಆಂಧ್ರದ ಗುತ್ತಿ ಎಂಬ ಊರಿನ ಹೆಸರು ಹೊತ್ತ ನೀಲಿ ಟರಾಂಟುಲಾ. 1899ರಲ್ಲಿ ವಿಜ್ಞಾನಿ ಪೋಕಾಕ್ ಇದನ್ನು ಮೊದಲು ವರ್ಣಿಸಿದರು. ನಂತರ ಸುಮಾರು ನೂರು ವರ್ಷ ಕಳೆದು, 2001ರಲ್ಲಿ ನಂದ್ಯಾಲ ಮತ್ತು ಗಿದ್ದಲೂರು ನಡುವಿನ ಕಾಡಿನಲ್ಲಿ ಮತ್ತೆ ಕಂಡುಬಂತು. ಹಳೆಯ ಮರಗಳ ಪೊಟರೆಯೇ ಇದರ ಮನೆ. ಚಿತ್ರ ನೋಡಿದವರೆಲ್ಲ ಇದನ್ನೇ ಬಯಸುತ್ತಾರೆ. ಆದರೆ ಇದು ಅತಿ ವೇಗದ ಜೇಡ. ಇದರ ಬಳಗದ ಜೇಡಗಳು ಕಚ್ಚಿದರೆ ಪ್ರಾಣ ಹೋಗದಿದ್ದರೂ ಸ್ನಾಯು ಸೆಳೆತ ದಿನಗಟ್ಟಲೆ ಕಾಡಬಹುದು. ಅಳಿವಿನ ಅಂಚಿನಲ್ಲಿರುವ ಜೀವಿ ಬೇರೆ. ಇದು ಮರದಲ್ಲೇ ಇರಲಿ.

ಸೂಚನೆಗಳನ್ನು ಓದಿ

1. ಮುಂಗಾಲು ಎತ್ತಿ ಹಲ್ಲು ತೋರಿಸಿದರೆ: ‘ದೂರ ಹೋಗು’ ಎಂದರ್ಥ. ಮುಚ್ಚಳ ಹಾಕಿ ಸುಮ್ಮನಿರಿ.
2. ಹಿಂಗಾಲಿನಿಂದ ಹೊಟ್ಟೆ ಉಜ್ಜಿದರೆ: ರೋಮ ಹಾರಿಸುತ್ತಿದೆ. ಮುಖ ಹಿಂದೆ ಸರಿಸಿ.
3. ವಾರಗಟ್ಟಲೆ ತಿನ್ನದಿದ್ದರೆ: ಪೊರೆ ಕಳಚುವ ಸಮಯ ಹತ್ತಿರ ಬಂದಿರಬಹುದು. ತಿನ್ನದೆ ಬಿಟ್ಟ ಹುಳುವನ್ನು ಹೊರತೆಗೆಯಿರಿ.
4. ಬೆನ್ನಡಿಯಾಗಿ ಮಲಗಿದ್ದರೆ: ಸತ್ತಿದೆ ಎಂದುಕೊಳ್ಳಬೇಡಿ. ಪೊರೆ ಕಳಚುತ್ತಿರುತ್ತದೆ. ಆಗ ಮುಟ್ಟಿದರೆ ನಿಜಕ್ಕೂ ಸಾಯಬಹುದು.

ಕೈಮೇಲೆ ಬಿಟ್ಟುಕೊಂಡು ಫೋಟೋ ತೆಗೆಸಿಕೊಳ್ಳುವವರಿಗೆ ಒಂದು ಮಾತು. ಇದರ ಹೊಟ್ಟೆ ಬಹಳ ಮೃದು. ಮೇಜಿನ ಎತ್ತರದಿಂದ ಬಿದ್ದರೂ ಒಡೆದು ಸಾಯಬಹುದು. ಅಪಾಯ ನಮಗಿಂತ ಅದಕ್ಕೇ ಹೆಚ್ಚು. ಪೆಟ್ಟಿಗೆ ಎತ್ತರವಾಗಿರದೆ ಅಗಲವಾಗಿರಬೇಕು ಎನ್ನುವುದೂ ಇದಕ್ಕೇ.

ವಾಣಿಜ್ಯ ವಿದ್ಯಾರ್ಥಿಯ ಲೆಕ್ಕ

ಕೊಳ್ಳುವ ಬೆಲೆ ಒಂದು ಸಲದ್ದು. ನಂತರದ ಖರ್ಚು ಕಡಿಮೆ: ಕೋಕೋಪೀಟ್, ನೀರಿನ ಬಟ್ಟಲು, ವಾರಕ್ಕೊಮ್ಮೆ ಒಂದೆರಡು ಹುಳು. ಮನೆಯಲ್ಲಿ ಹಿಡಿದ ಜಿರಲೆ ಮಾತ್ರ ಬೇಡ. ಅದು ಕೀಟನಾಶಕ ತಿಂದಿರಬಹುದು. ನಿಜವಾದ ಹೊಣೆಗಾರಿಕೆ ಇರುವುದು ವರ್ಷಗಳಲ್ಲಿ. ಕೆಂಪು ಮಂಡಿಯ ಹೆಣ್ಣು 25 ವರ್ಷಕ್ಕೂ ಹೆಚ್ಚು ಬದುಕಬಲ್ಲದು. ನನಗೀಗ 17. ಈಗ ಮರಿ ತಂದರೆ ಅದರ ಮುಪ್ಪಿನಲ್ಲಿ ನನಗೆ 42 ದಾಟಿರುತ್ತದೆ. ನಡುವೆ ಪದವಿ, ಹಾಸ್ಟೆಲ್, ಕೆಲಸ, ಬೇರೆ ಊರು ಎಲ್ಲ ಬರುತ್ತವೆ. ಬಲಿತ ಗಂಡಾದರೆ ಒಂದೆರಡು ವರ್ಷದಲ್ಲೇ ಸಾಯುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ಕೊಳ್ಳುವವರು ಇದನ್ನು ತಿಳಿದಿರಬೇಕು.

ಕಾನೂನಿನ ಮಾತೂ ಇದೆ. ಕೆಂಪು ಮಂಡಿಯ ಟರಾಂಟುಲಾ 1985ರಿಂದ ‘ಸೈಟಿಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದೆ. ಕಾಡಿನಿಂದ ಹಿಡಿದು ಮಾರಿದ್ದರಿಂದ ಅದು ಕಡಿಮೆಯಾಗುತ್ತಾ ಬಂದಿತ್ತು. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ, ಆ ಪಟ್ಟಿಯ ವಿದೇಶಿ ಜೀವಿಯನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕು. ಕಾಗದಪತ್ರ ತೋರಿಸದ ಮಾರಾಟಗಾರರಿಂದ ಕೊಳ್ಳಬೇಡಿ.

ಪಿಯುಸಿ ಮುಗಿದು ನನ್ನ ಮುಂದಿನ ದಾರಿ ಗೊತ್ತಾಗುವವರೆಗೆ ಕಾಯಲು ನಾನು ನಿರ್ಧರಿಸಿದ್ದೇನೆ. ನಿಮಗೂ ಈ ಆಸೆ ಇದ್ದರೆ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಇದು ಹುಟ್ಟಿದ್ದು ಪೆಟ್ಟಿಗೆಯಲ್ಲೋ ಕಾಡಿನಲ್ಲೋ? ಹೆದರಿದಾಗ ಏನು ಮಾಡುತ್ತದೆ? ನಾನು ಊರು ಬಿಟ್ಟರೆ ಯಾರು ನೋಡಿಕೊಳ್ಳುತ್ತಾರೆ? ಮುಟ್ಟದೆ, ಬರೀ ನೋಡುತ್ತಾ ಸಂತೋಷಪಡಲು ನನ್ನಿಂದ ಆಗುತ್ತದಾ? ಕೊನೆಯ ಪ್ರಶ್ನೆಗೆ ‘ಹೌದು’ ಎನ್ನುವವರು ಮಾತ್ರ ಟರಾಂಟುಲಾ ಸಾಕಬೇಕು.